ಫ್ಯಾನಿಗೆ ಕಟ್ಟಿದ ಮೌಸ್

ಕುರ್ಚಿ ಖಾಲಿ, ಆದರೂ ಕಂಪ್ಯೂಟರಿನ ಮೌಸ್ ತನ್ನಷ್ಟಕ್ಕೆ ತಾನೇ ಅತ್ತಿತ್ತ ಹರಿದಾಡುತ್ತಿತ್ತು! ರಾಯಬಾಗದ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಮಗಳ ಆದಾಯ ಪ್ರಮಾಣಪತ್ರಕ್ಕೆ ಕಾಯುತ್ತಿದ್ದ ನಾನು ಬಗ್ಗಿ ನೋಡಿದೆ. ಮೌಸಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ತಲೆಯಾಡಿಸುವ ಟೇಬಲ್ ಫ್ಯಾನಿಗೆ ಬಿಗಿದಿದ್ದರು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಚಿಂಚಲಿಯ ಅಜ್ಜಿಯ ಕಂಕುಳಿಂದ ಆಡಿನ ಮರಿ ಜಾರಿ, ಟೇಬಲ್ಲಿಗೆ ಹಾರಿ, ಸೀದಾ ಕೀಬೋರ್ಡಿನ ಮೇಲೆ ನಿಂತು "ಬ್ಯಾ" ಎಂದಿತು. ತೆರೆದಿದ್ದ ಅರ್ಜಿಯಲ್ಲಿ ಮಗಳ ಹೆಸರಿನ ಮುಂದೆ ಅಕ್ಷರಗಳ ಸಾಲೇ ಬೆಳೆಯತೊಡಗಿತು. ನಾನು ಕೂಗಿಕೊಂಡೆ. ಹೊರಗೆ ಚಹಾ ಕುಡಿಯುತ್ತಿದ್ದ ಆಪರೇಟರ್ ಓಡಿ ಬಂದ.

"ಮೌಸ್ ಅಲುಗಾಡದಿದ್ರ ಸ್ಕ್ರೀನ್ ಲಾಕ್ ಆಗ್ತೈತ್ರಿ. ಖರ್ಚು ಉಳಸಾಕ ಮ್ಯಾಲಿನವರು ಇಡೀ ಆಫೀಸಿಗೆ ಒಂದ ಲಾಗಿನ್ ಕೊಟ್ಟಾರ. ಲಾಕ್ ಆದ್ರ ಮತ್ತ ತಗ್ಯಾಕ ಓಟಿಪಿ ಸಾಹೇಬ್ರ ಫೋನಿಗೆ ಬರ್ತೈತಿ, ಸಾಹೇಬ್ರು ಅಥಣಿಗೆ ಮೀಟಿಂಗಿಗೆ ಹೋಗ್ಯಾರ" ಎಂದು ತಲೆ ಕೆರೆದುಕೊಂಡ.

ಅಜ್ಜಿ ಮರಿಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು, "ಬಾಗಲಾ ತಗದಿಟ್ಟ ಚಾ ಕುಡ್ಯಾಕ ಹೋಗಿಯಲ್ಲೋ ತಮ್ಮಾ! ನಾಳೆ ಕಳ್ಳ ಬಂದ್ರ ಹಿಂಗ ಬ್ಯಾ ಅಂತ ಒದರಿ ಬರೂದಿಲ್ಲ" ಎಂದಳು.

ಕಚೇರಿಯೆಲ್ಲ ನಕ್ಕಿತು. ಆಪರೇಟರನೂ ನಗುತ್ತ ದಾರ ಬಿಚ್ಚಿ, ಮರಿ ಬರೆದದ್ದನ್ನೆಲ್ಲ ಅಳಿಸಿ, ಅರ್ಜಿ ಸರಿಮಾಡಿ ಕಳಿಸಿದ.

ಈಗ ಬ್ಯಾಂಕಿನ ಆ್ಯಪ್ ತೆರೆದ ಫೋನನ್ನು ಮನೆಯ ಕಟ್ಟೆಯ ಮೇಲೆ ಬಿಟ್ಟು ನಾನು ಎದ್ದರೆ ಸಾಕು, ಈ ಕತೆ ಕೇಳಿರುವ ಮಗಳು ಒಳಗಿನಿಂದ "ಬ್ಯಾ" ಅನ್ನುತ್ತಾಳೆ. ಓಡಿ ಬಂದು ಲಾಕ್ ಮಾಡುತ್ತೇನೆ.