ಕೀವಿಗಾಗಿ ಕಾದ ದಿನಗಳು

ಗಂಡನಿಗೆ ಕೀವಾಗಲೆಂದು ದೇವರಿಗೆ ಹರಕೆ ಹೊತ್ತವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮಹಾಯುದ್ಧದ ಕಾಲ. ನಾನು ಆಳಂದದ ಹತ್ತಿರದ ಮಟಕಿ ಊರಿಗೆ ಸೊಸೆಯಾಗಿ ಬಂದು ಎರಡನೆಯ ವರ್ಷ, ನಮ್ಮವರಿಗೆ ದಡಾರ ಎದ್ದಿತು. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದರು. ಔಷಧ ಮುಟ್ಟಬಾರದೆಂದು ಅವರ ಕಟ್ಟಪ್ಪಣೆ. ಇವರು ತಲೆ ಹಿಡಿದುಕೊಂಡು ಒದ್ದಾಡುವುದನ್ನು ನೋಡಲಾರದೆ ನಾನು ದಿನಾಲೂ ಕದ್ದು ಅಂಗಡಿಯ ತಲೆನೋವಿನ ಗುಳಿಗೆ ಕೊಟ್ಟೆ.

ಮೈಮೇಲಿನ ಕೆಂಪು ಮಾಸಿತು, ಜ್ವರ ಬಿಡಲಿಲ್ಲ. ಬಾಯಿ ತುಂಬ ಹುಣ್ಣು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದ ಜಾಗ ಬಾತಿತ್ತು, ಆದರೆ ಒಂದು ಹನಿ ಕೀವಿಲ್ಲ.

"ನನ್ನ ಮಗನ ರಕ್ತ ಎಷ್ಟು ಸ್ವಚ್ಛ ಅದ ನೋಡ್ರಿ!" ಎಂದು ಅತ್ತೆ ಓಣಿಗೆಲ್ಲ ಹೇಳಿದರು. ನಾನೂ ಹಿಗ್ಗಿದೆ.

ಜ್ವರ ಏರಿದಾಗ ಗಾಡಿ ಕಟ್ಟಿಸಿ ಆಳಂದದ ದವಾಖಾನೆಗೆ ಒಯ್ದೆವು. ಡಾಕ್ಟರ್ ಸಾಹೇಬರು ಅದೇ ಹಿಮ್ಮಡಿ ನೋಡಿ ಮುಖ ಸಣ್ಣದು ಮಾಡಿದರು. ಬೆರಳು ಚುಚ್ಚಿ, ರಕ್ತವನ್ನು ಗಾಜಿಗೆ ಹಚ್ಚಿ, ಯಂತ್ರದಲ್ಲಿ ಕಣ್ಣಿಟ್ಟು ಬಹಳ ಹೊತ್ತು ಕೂತರು.

"ಅಮ್ಮಾ, ರಕ್ತದಾಗ ಬಿಳಿ ಸಿಪಾಯಿಗೋಳು ಇರ್ತಾರ್ರಿ. ಇವರಲ್ಲಿ ಭಾಳ ಕಮ್ಮಿ ಆಗ್ಯಾರ."

ಅತ್ತೆ ಗಾಬರಿಯಾದರು. "ಗೋರಾ ಸಿಪಾಯಿ ನನ್ನ ಮಗನ ಮೈಯಾಗ ಯಾಕ ಹೊಕ್ಕಾರ್ರಿ? ನಮ್ದು ಮೊಗಲಾಯಿ, ನಿಜಾಮರ ರಾಜ್ಯ ಅಲ್ಲೇನ್ರಿ!"

"ಆ ಸಿಪಾಯಿ ಅಲ್ರಿ. ಈ ರಕ್ತದ ಸಿಪಾಯಿಗೋಳು ಮುಳ್ಳಿನ ಹೊಲಸಿನ ಕೂಡ ಬಡಿದಾಡಿ ಸತ್ತರ ಕೀವು ಆಗ್ತದ. ಬಡಿದಾಡವರ ಇಲ್ಲಂದ್ರ ಕೀವು ಎಲ್ಲಿಂದ ಬರಬೇಕು? ದಡಾರದ ಕೂಡ ಬಡಿದಾಡವರು ಬ್ಯಾರೆ. ಆದ್ರ ದಡಾರ ಬಂದ್ರ ಇವರೂ ಕಮ್ಮಿ ಆಗ್ತಾರ. ಕೆಲವು ಗುಳಿಗಿನೂ ಹಿಂಗ ಮಾಡ್ತಾವ. ಏನರ ಕೊಟ್ಟೀರೇನು?"

ಅತ್ತೆಯ ಎದುರಿಗೇ ಹೇಳಿಬಿಟ್ಟೆ. "ತಲಿನೋವಿನ ಗುಳಿಗಿ ಕೊಟ್ಟೇನ್ರಿ. ದಿನಾ ಕೊಟ್ಟೇನಿ."

"ಇವತ್ತ ಬಂದ್ ಮಾಡ್ರಿ. ದಡಾರ ಮಾಡ್ತೋ, ಗುಳಿಗಿ ಮಾಡ್ತೋ, ನನಗೂ ತಿಳಿವಲ್ದು. ಕೀವು ಕಾಣಿಸಿದ್ರ ಸಿಪಾಯಿಗೋಳು ಬಂದ್ರು ಅಂತ ತಿಳೀರಿ."

ಅಯ್ಯ, ಕಲಿತವರಿಗೇ ತಿಳಿಯದಿದ್ದರೆ ನನ್ನಂಥವಳ ಗತಿ ಏನು! ಕೀವು ಕೆಟ್ಟದ್ದೆಂದು ಕಲಿತು ಬೆಳೆದವಳು ನಾನು, ಈಗ ಅದಿಲ್ಲದ್ದೇ ಕೇಡಂತೆ. ನೋವು ಕಡಿಮೆ ಮಾಡಲು ಹೋಗಿ ಇವರನ್ನು ನಾನೇ ಕೊಂದೆನೇ? ಯಾರ ಮೇಲೆ ಸಿಟ್ಟಾಗಬೇಕೆಂದೂ ತಿಳಿಯಲಿಲ್ಲ. ದವಾಖಾನೆಯಲ್ಲೇ ಉಳಿದೆವು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಕೀವಾಗಲೆಂದು ದೇವರಿಗೆ ಹರಕೆ ಹೊತ್ತೆ. ಮುಂಜಾನೆ ಎದ್ದವಳೇ ನಾನು ಮೊದಲು ಹಿಮ್ಮಡಿ ನೋಡುತ್ತಿದ್ದೆ.

ಎಂಟನೆಯ ದಿನ ಪಟ್ಟಿ ಬಿಚ್ಚಿದರೆ ಹಳದಿ ಕಲೆ. ಮೆಲ್ಲಗೆ ಒತ್ತಿದೆ, ಜಿನುಗಿತು.

"ಅತ್ತೀ, ಕೀವು ಬಂತ್ರಿ! ಕೀವು!"

ಅಲ್ಲಿದ್ದ ರೋಗಿಗಳೆಲ್ಲ ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. ಅತ್ತೆ ಓಡಿಬಂದು, ಆ ಪಟ್ಟಿಯನ್ನು ಹಿಡಿದು ನೋಡಿ, ನನ್ನ ಕೈ ಹಿಡಿದರು.

"ನನ್ನ ಮಗ ಉಳದನೇನಬೇ?"

ನನಗೇನು ಗೊತ್ತು? "ಉಳದಾರ್ರಿ" ಎಂದುಬಿಟ್ಟೆ.

ಉಳಿದರು. ಸಿಪಾಯಿಗಳನ್ನು ಕೊಂದದ್ದು ದಡಾರವೋ, ನಿನ್ನ ಗುಳಿಗೆಯೋ ಎಂದು ಇವರು ಇವತ್ತಿಗೂ ಚೇಷ್ಟೆ ಮಾಡುತ್ತಾರೆ. ನನಗೆ ನಗು ಬರುವುದಿಲ್ಲ.