ಆರು ಗಂಟೆಯೊಳಗಿನ ಅರ್ಜಿ

ಗಡಿಯಾಚೆ ಮಹಾರಾಷ್ಟ್ರದ ಜತ್ತದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಮಾ ಟೈಪಿಂಗ್ ಕ್ಲಾಸು ನಡೆಸುತ್ತಿದ್ದಳು. ೧೯೯೩ರಲ್ಲಿ ಮಿರಜದ ಛಾಪಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ ಮೊದಲ ಸಲ ಕಂಪ್ಯೂಟರ್ ಮುಟ್ಟಿದವಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತಿದ್ದ ಕಾಲ ಅದು. ಹದಿಮೂರು ವರ್ಷದ ಒಡನಾಟದಲ್ಲಿ ಅವಳ ಅಭಿಪ್ರಾಯಗಳು ಗಟ್ಟಿಯಾಗಿದ್ದವು. ಮೌಸ್ ಹಿಡಿದವರ ಕೈ ಸೋಮಾರಿಯಾಗುತ್ತದೆ ಎನ್ನುವಳು. ವೆಬ್‌ಸೈಟಿನ ತುಂಬ ಚಿತ್ರ ಅಂಟಿಸುವವರು ಜತ್ತದ ಟೆಲಿಫೋನ್ ತಂತಿಯನ್ನು ಕಣ್ಣಿಂದಲೂ ಕಂಡವರಲ್ಲ ಎಂದು ಬೈಯುವಳು. ಹಳ್ಳಿಗೆ ಇಂಟರ್‌ನೆಟ್ ಬರುವ ಮೊದಲೇ ಕಾಗದದ ಅರ್ಜಿ ನಿಲ್ಲಿಸುವುದಂತೂ ಅವಳ ಪ್ರಕಾರ ಅನ್ಯಾಯ.

೨೦೦೬ರ ಬೇಸಿಗೆಯ ಒಂದು ಮಧ್ಯಾಹ್ನ ಅಸಂಗಿ ಹಳ್ಳಿಯ ಕುರಿಗಾರ ಗೊಲ್ಲಾಳಪ್ಪ ಮಗಳು ರೂಪಾಲಿಯನ್ನು ಕರೆದುಕೊಂಡು ಬಂದ. ಹುಡುಗಿಯರ ನರ್ಸಿಂಗ್ ಕಾಲೇಜಿಗೆ ಅರ್ಜಿ ತುಂಬಬೇಕಿತ್ತು. ಆ ವರ್ಷ ಇಂಟರ್‌ನೆಟ್ಟಿನಲ್ಲಿ ಮಾತ್ರ ಅರ್ಜಿ. ಅಂದೇ ಕೊನೆಯ ದಿನ, ಸಂಜೆ ಆರು ಗಂಟೆಯವರೆಗೆ. ಸುದ್ದಿ ಅವರಿಗೆ ತಿಳಿದದ್ದೇ ಹಿಂದಿನ ದಿನ.

ಮೂರು ಗಂಟೆಯಿಂದ ಪುಟ ಅರ್ಧ ತೆರೆದು ನಿಲ್ಲುತ್ತಿತ್ತು. ಕೊನೆಗೆ ಶಮಾ ಚಿತ್ರಗಳೇ ಬರದಂತೆ ಬಂದ್ ಮಾಡಿದಳು. ಬೋಳು ಅಕ್ಷರಗಳ ಅರ್ಜಿ ಬಂತು. ರೂಪಾಲಿ ಅಂಕಪಟ್ಟಿ ನೋಡಿ ಹೇಳುತ್ತ ಹೋದಳು, ಶಮಾ ಒಂದೊಂದೇ ತುಂಬಿದಳು. ಇನ್ನೇನು ಮುಗಿಯಿತು ಎನ್ನುವಾಗ ಫ್ಯಾನ್ ನಿಂತಿತು. ಲೋಡ್‌ಶೆಡ್ಡಿಂಗಿನ ವೇಳೆ ಆ ವಾರವೇ ಬದಲಾಗಿದ್ದು ಶಮಾಳ ನೆನಪಿನಿಂದ ಜಾರಿತ್ತು. ಐದೂವರೆ. ಕಂಪ್ಯೂಟರಿಗೆ ಜೋಡಿಸಿದ್ದ ಬ್ಯಾಟರಿ ಹೆಚ್ಚೆಂದರೆ ಹದಿನೈದು ನಿಮಿಷ ಬರುತ್ತಿತ್ತು.

ಶಮಾ ಅರ್ಜಿ ಕಳಿಸುವ ಗುಂಡಿ ಒತ್ತಿದಳು. ಪರದೆ ಬೆಳ್ಳಗಾಗಿ ಹಾಗೇ ನಿಂತಿತು. ಹೆಚ್ಚು ಕರೆಂಟು ತಿನ್ನುವುದು ಪರದೆಯೇ ಎಂದು ಗೊತ್ತಿದ್ದ ಅವಳು ಅದನ್ನು ಆರಿಸಿಬಿಟ್ಟಳು. ಎಲ್ಲ ಅಳಿಸಿಹೋಯಿತೆಂದು ಗೊಲ್ಲಾಳಪ್ಪ ಎದ್ದು ನಿಂತ.

“ಇನ್ನೊಮ್ಮಿ ಒತ್ತರಿ, ಬಾಯಾರ. ಲಗೂನ ಒತ್ತರಿ.”

“ಒತ್ತೂದಿಲ್ಲರಿ ಕಾಕಾ. ಒಳಗ ಕೆಲಸ ನಡದದ. ಈಗ ಕೈ ಹಚ್ಚಿದ್ರ ಹೋಗಿದ್ದೂ ಕೆಡ್ತದ.”

ಹೇಳಿದಷ್ಟು ಧೈರ್ಯ ಅವಳಿಗೂ ಇರಲಿಲ್ಲ. ಬ್ಯಾಟರಿ ಕೂಗತೊಡಗಿತು. ರೂಪಾಲಿ ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಶಮಾ ಪರದೆ ಹಚ್ಚಿ ನೋಡಿದಳು: ಬಿಳಿ. ಆರಿಸಿದಳು. ಮತ್ತೆರಡು ನಿಮಿಷ ಬಿಟ್ಟು ಹಚ್ಚಿದಾಗ ಅರ್ಜಿ ಮುಟ್ಟಿದೆ ಎಂಬ ಒಂದು ಸಾಲು ಮೂಡಿತ್ತು, ಅದರ ಕೆಳಗೆ ಹನ್ನೊಂದು ಅಂಕಿಗಳ ನಂಬರು. ಪ್ರಿಂಟರಿಗೆ ಕರೆಂಟಿರಲಿಲ್ಲ. ಅವಳು ಓದಿದಳು, ರೂಪಾಲಿ ಅಂಗೈ ಮೇಲೆ ಬರೆದುಕೊಂಡಳು. ಎರಡನೆಯ ಸಲ ತಾಳೆ ನೋಡುವಾಗ ಯಂತ್ರ ಸತ್ತಿತು.

ಹತ್ತು ದಿನಕ್ಕೆ ಬಂದ ಆಯ್ಕೆ ಪಟ್ಟಿಯಲ್ಲಿ ರೂಪಾಲಿಯ ಹೆಸರಿರಲಿಲ್ಲ. ಗೊಲ್ಲಾಳಪ್ಪ ಮಗಳೊಂದಿಗೆ ಬಾಗಿಲಲ್ಲಿ ಬಂದು ನಿಂತದ್ದು ಕಂಡು ಶಮಾ ಕ್ಲಾಸಿಗೆ ಬೀಗ ಹಾಕಿ ಅವರ ಜೊತೆ ಕಾಲೇಜಿಗೆ ಹೊರಟಳು. ಪ್ರಿಂಟ್ ಇಲ್ಲದೆ ಏನೂ ನೋಡಲಾಗದು ಎಂದು ಅಲ್ಲಿನ ಕ್ಲಾರ್ಕ್ ಮರಾಠಿಯಲ್ಲಿ ಹೇಳಿ ಬೇರೆಯವರ ಕಡೆ ತಿರುಗಿದ. ಶಮಾ ಮೇಜು ಬಿಟ್ಟು ಸರಿಯಲಿಲ್ಲ. ನಂಬರು ಕೊಟ್ಟದ್ದು ನಿಮ್ಮ ಯಂತ್ರ, ಅದನ್ನೇ ಕೇಳಿರಿ ಎಂದು ಅವಳೂ ಮರಾಠಿಯಲ್ಲೇ ಮೂರು ಸಲ ಹೇಳಿದಳು. ಕೊನೆಗೆ ಅವನು ಸಿಟ್ಟಿನಿಂದ, ರೂಪಾಲಿ ಅಂಗೈಯಿಂದ ಚೀಟಿಗೆ ಇಳಿಸಿಕೊಂಡಿದ್ದ ಅಂಕಿಗಳನ್ನು ಒತ್ತಿದ. ಅರ್ಜಿ ಇತ್ತು. ಅರ್ಜಿದಾರಳ ಹೆಸರು ಮತ್ತು ತಂದೆಯ ಹೆಸರು ಅದಲುಬದಲಾಗಿ, ಗಂಡು ಹೆಸರೆಂದು ಪಕ್ಕಕ್ಕೆ ತೆಗೆದಿಟ್ಟಿದ್ದರು.

ಗಡಿಬಿಡಿಯಲ್ಲಿ ಆ ಎರಡು ಹೆಸರು ತುಂಬಿದ್ದು ತನ್ನದೇ ಬೆರಳು ಎಂದು ಶಮಾಗೆ ಆಗ ಹೊಳೆಯಿತು. ಹೊರಗೆ ಬಂದು ತಪ್ಪು ತನ್ನದೆಂದು ತಂದೆ-ಮಗಳ ಮುಂದೆ ಒಪ್ಪಿಕೊಂಡಳು. ಗೊಲ್ಲಾಳಪ್ಪ, “ಇರ್ಲಿ ಬಿಡ್ರಿ, ನೀವ ಬಂದು ಹುಡಿಕಿ ಕೊಟ್ರಿ” ಎಂದ.

ಹೆಸರು ತಿದ್ದಿಸಿದ ಮೇಲೆ, ಎರಡನೆಯ ಪಟ್ಟಿಯಲ್ಲಿ ರೂಪಾಲಿಗೆ ಸೀಟು ಸಿಕ್ಕಿತು. ಶಮಾ ಆ ವರ್ಷವೇ ದೊಡ್ಡ ಬ್ಯಾಟರಿ ತಂದಳು. ಆದರೂ ಕೊನೆಯ ದಿನದ ಅರ್ಜಿ ಎಂದು ಯಾರಾದರೂ ಮೆಟ್ಟಿಲು ಹತ್ತಿದರೆ ಕಳಿಸುವ ಗುಂಡಿ ಒತ್ತುವ ಮೊದಲು ಹೆಸರುಗಳನ್ನು ಅವರಿಂದಲೇ ಎರಡು ಸಲ ಓದಿಸುತ್ತಿದ್ದಳು.