ಮೆಟ್ಟಿಲ ಮೇಲಿನ ಚೆಂಬು

ಬೆಳಿಗ್ಗೆ ಕುಚ್ಚಲಕ್ಕಿ ಬೇಯಲಿಟ್ಟೆ, ಬಟ್ಟೆ ಒಗೆದೆ, ಅಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಮೀನಿನವಳನ್ನು ಇಂದು ಬೇಡವೆಂದು ಕಳಿಸಿದೆ. ಆಮೇಲೆ ಪಕ್ಕದ ಮನೆಗೆ ಹೋದೆ. ತೀರಿಕೊಂಡ ಟೀಚರನ್ನು ಚಾವಡಿಯಲ್ಲಿ ಮಲಗಿಸಿದ್ದರು. ಬಲಗೈಯ ತೋರುಬೆರಳು ಇನ್ನೂ ತುಸು ಎದ್ದೇ ಇತ್ತು, ಏನೋ ಹೇಳಿಕೊಡಲಿಕ್ಕೆ ಬಾಕಿ ಉಂಟು ಎನ್ನುವ ಹಾಗೆ.

ಕಾದಂಬರಿ ಓದಲು ನನಗೆ ಕಲಿಸಿದ್ದು ಆ ಬೆರಳು. ಉದ್ಯಾವರದ ಇದೇ ಮನೆಯ ಜಗಲಿಯಲ್ಲಿ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದರೆ ಅವರು ಪತ್ತೇದಾರಿ ಕಥೆ ಓದುತ್ತಿದ್ದರು. ನಡುವೆ ನಿಲ್ಲಿಸಿ ಬೆರಳೆತ್ತುತ್ತಿದ್ದರು. "ಒಂದು ಸಾಮಾನು ಒಮ್ಮೆ ಬಂದರೆ ಬರೀ ಸಾಮಾನು. ಮತ್ತೆ ಮತ್ತೆ ಬಂದರೆ ಅದಕ್ಕೆ ಎಂತದೋ ಅರ್ಥ ಉಂಟು. ನೋಡ್ತಾ ಇರು." ಹತ್ತನೇ ತರಗತಿಗೆ ಶಾಲೆ ಬಿಟ್ಟ ನನಗೆ ಅದೇ ದೊಡ್ಡ ವಿದ್ಯೆ.

ನಿವೃತ್ತಿಯಾದ ಮೇಲೆ ಅವರೇ ಒಂದು ಕಾದಂಬರಿ ಬರೆದರು. ಮನಸ್ಸು ಕೆಟ್ಟ ಒಬ್ಬ ವಿಧವೆ, ಒಂದರ ಹಿಂದೆ ಒಂದು ಕೊಲೆ. ಪ್ರತಿ ಸಾವಿನ ಮೊದಲು ಅವಳ ಮನೆಯ ಮೆಟ್ಟಿಲಲ್ಲಿ ನೀರು ತುಂಬಿದ ತಾಮ್ರದ ಚೆಂಬು.

ಆ ಚೆಂಬು ನಮ್ಮದು. ಅಪ್ಪ ಹೋದ ದೋಣಿ ಕಾಪುವಿನ ಕಡಲಿನಿಂದ ಮರಳಲಿಲ್ಲ, ಹೆಣವೂ ಸಿಗಲಿಲ್ಲ. ಅವರು ಬಂದರೆ ಕಾಲು ತೊಳೆಯಲಿ ಎಂದು ಅಮ್ಮ ಪ್ರತಿ ಸಂಜೆ ಮೆಟ್ಟಿಲಲ್ಲಿ ನೀರಿಡುತ್ತಿದ್ದರು, ರಾತ್ರಿ ಬಾಗಿಲಿಗೆ ಮುಖ ಮಾಡಿ ಮಲಗುತ್ತಿದ್ದರು. ಬೆಳಿಗ್ಗೆ ಅದನ್ನು ಮಲ್ಲಿಗೆ ಬುಡಕ್ಕೆ ಸುರಿಯುತ್ತಿದ್ದರು.

ಮಣಿಪಾಲದ ಒಂದು ಗೋಷ್ಠಿಯಲ್ಲಿ ಆ ಚೆಂಬನ್ನು ಸಾವಿನ ಸಂಕೇತವೆಂದು ಬಹಳ ಹೊಗಳಿದರು. ಟೀಚರ್ ತಲೆತಗ್ಗಿಸಿ ನಕ್ಕರು. ಕಟಪಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕ ಓದಿದ್ದ ಊರಿನವಳೊಬ್ಬಳು ಅಮ್ಮನನ್ನೇ ಕೇಳಿದಳು: "ಇವತ್ತು ಚೆಂಬು ಯಾರಿಗೆ ಇಡ್ತೀರಿ?" ಜೊತೆಯವರು ನಕ್ಕರು. ಓದು ಬಾರದ ಅಮ್ಮ ನನ್ನ ಮುಖ ನೋಡಿದರು. ಮನೆಗೆ ಬಂದು ಕಥೆ ಹೇಳಬೇಕಾಯಿತು. ಅಂದು ಸಂಜೆಯಿಂದ ಚೆಂಬು ಒಳಗೇ ಉಳಿಯಿತು.

"ಕೊಲೆಗಾತಿಯ ಮನೆಗೆ ಯಾರು ಬರ್ತಾರೆ," ಅಂದರು ಅಮ್ಮ.

ನಾನು ಹೋಗಿ ಟೀಚರನ್ನು ಕೇಳಿದೆ. ಅವರು ಬೆರಳೆತ್ತಿದರು. "ಅದು ಸಂಕೇತ ಮಾರಾಯ್ತಿ, ನಿನ್ನ ಅಮ್ಮ ಅಲ್ಲ. ಇಷ್ಟು ಓದಿಸಿದ್ದೇನೆ, ನಿನಗಾದರೂ ಗೊತ್ತಾಗಬೇಕಿತ್ತಲ್ವಾ?"

ಗೊತ್ತಾಗಿತ್ತು, ಅವರು ಕಲಿಸಿದ್ದರಿಂದಲೇ. ಇಂದಿನವರೆಗೆ ಮತ್ತೆ ಆ ಜಗಲಿ ಹತ್ತಲಿಲ್ಲ. ಆದರೂ ಅವರು ಪುಸ್ತಕ ಕಳಿಸುತ್ತಿದ್ದರು, ನಾನು ಓದುತ್ತಲೂ ಇದ್ದೆ. ಆ ಋಣ ನುಂಗಲಿಕ್ಕೂ ಆಗುವುದಿಲ್ಲ, ಉಗುಳಲಿಕ್ಕೂ ಆಗುವುದಿಲ್ಲ.

ಇಂದು ಹೆಣ ಎತ್ತಿದ ಮೇಲೆ ಮನೆಗೆ ಬಂದರೆ ಮೆಟ್ಟಿಲಲ್ಲಿ ಚೆಂಬು ಇತ್ತು. ಸಾವಿನ ಮನೆಯಿಂದ ಬಂದವರು ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಅಮ್ಮ ನನಗೆಂದು ಇಟ್ಟಿದ್ದರು. ಅರ್ಧ ನೀರಿನಲ್ಲಿ ಕಾಲು ತೊಳೆದು ಉಳಿದದ್ದನ್ನು ಅಲ್ಲೇ ಬಿಟ್ಟೆ. ಅಮ್ಮ ಕುಂಟುತ್ತ ಬಂದು, ಅದನ್ನು ಮಲ್ಲಿಗೆ ಬುಡಕ್ಕೆ ಸುರಿದು, ಚೆಂಬನ್ನು ಒಳಗೆ ಕೊಂಡುಹೋದರು.

ರಾತ್ರಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಅಮ್ಮ ಮೊದಲು ಮಲಗಿದರು, ಬಾಗಿಲಿಗೆ ಬೆನ್ನು ಹಾಕಿ.